ಭಯದ ಕಾವಲು

ಒಬ್ಬರೇ ಪ್ರವಾಸ ಹೊರಟವರನ್ನು ಕಂಡರೆ ಜನಕ್ಕೆ ಎರಡೇ ಊಹೆ: ಮನೆಯಲ್ಲಿ ಜಗಳವಾಗಿರಬೇಕು, ಇಲ್ಲವೇ ಹರಕೆ ಏನಾದರೂ ಇರಬೇಕು. ಅರವತ್ತೊಂದನೆಯ ವಯಸ್ಸಿನಲ್ಲಿ, ಮೊಸಳೆಗಳನ್ನು ನೋಡಲೆಂದು ಮೈಸೂರಿನಿಂದ ಒಡಿಶಾಕ್ಕೆ ಹೊರಟುನಿಂತ ನಿವೃತ್ತ ಉಪಾಧ್ಯಾಯಿನಿಯೊಬ್ಬರನ್ನು ಕುರಿತು ನೆರೆಹೊರೆಯವರು ಎರಡನ್ನೂ ಊಹಿಸಿದರು. “ಮೊಸಳೆ ನೋಡುವುದಕ್ಕೆ ರಂಗನತಿಟ್ಟು ಸಾಲದೇನಮ್ಮ?” ಎಂದಳು ಮಗಳು.

ರಂಗನತಿಟ್ಟಿಗೆ ಅವರು ಹತ್ತಾರು ಬಾರಿ ಹೋಗಿಬಂದಿದ್ದರು. ಆದರೆ ನೋಡಿದ್ದರು ಎಂದು ಹೇಳುವಂತಿಲ್ಲ. ಪ್ರತಿ ಬಾರಿಯೂ ಜತೆಯಲ್ಲಿ ನಲವತ್ತು ಮಕ್ಕಳು. ದೋಣಿ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ನಡುವೆ ನಾಲ್ಕಾರು ಸಲ ತಲೆ ಎಣಿಸುವಷ್ಟರಲ್ಲಿ ಕೊಕ್ಕರೆಗಳೂ ಮೊಸಳೆಗಳೂ ಹಿಂದೆ ಸರಿದುಹೋಗುತ್ತಿದ್ದವು. ಮೂವತ್ತು ವರ್ಷ ಅವರು ಕಂಡದ್ದು ದೋಣಿಯ ಅಂಚಿನಾಚೆಗೆ ಬಾಗಿದ ಮಕ್ಕಳ ಬೆನ್ನುಗಳನ್ನು ಮಾತ್ರ. ಎಣಿಸುವುದಕ್ಕೆ ಯಾರೂ ಇಲ್ಲದ ದೋಣಿಯೊಂದರಲ್ಲಿ ಕುಳಿತು ಕಣ್ತುಂಬ ನೋಡಬೇಕೆಂಬುದೇ ಅವರ ಹರಕೆ.

ಬ್ರಾಹ್ಮಣೀ, ವೈತರಣೀ ನದಿಗಳು ಬಂಗಾಳ ಕೊಲ್ಲಿಯನ್ನು ಸೇರುವಲ್ಲಿ, ಕೇಂದ್ರಾಪಡಾ ಜಿಲ್ಲೆಯಲ್ಲಿದೆ ಭಿತರಕನಿಕಾ. ಜನವರಿಯ ಒಂದು ಬೆಳಗ್ಗೆ ಯಂತ್ರದ ದೋಣಿ ಅವರೊಬ್ಬರನ್ನೇ ಕೂರಿಸಿಕೊಂಡು ದಡ ಬಿಟ್ಟಿತು. ಮಗಳೆದುರು ತೋರಿದ ಧೈರ್ಯ ಮಾತ್ರ ದಡದಲ್ಲಿಯೇ ಉಳಿಯಿತು. ಅಂಬಿಗನಿಗೆ ನಲವತ್ತರ ಪ್ರಾಯ. ಅವರನ್ನು ‘ಮಾವುಸಿ’ ಎಂದು ಕರೆದ. ಆ ನಾಡಿನಲ್ಲಿ ಹಾಗೆಂದರೆ ತಾಯಿಯ ಸೋದರಿ. ಇಬ್ಬರಿಗೂ ಅರ್ಧಂಬರ್ಧ ಬರುತ್ತಿದ್ದ ಹಿಂದಿಯೇ ಮಾತಿಗೆ ಆಧಾರ.

ಇಳಿತದ ಹೊತ್ತು. ನೀರು ತಗ್ಗಿ ಎರಡು ಕಡೆಯೂ ನುಣುಪಾದ ಕೆಸರಿನ ದಂಡೆ ತೆರೆದುಕೊಂಡಿತ್ತು. ಅದರಾಚೆಗೆ, ಕನ್ನಡ ಕರಾವಳಿಯವರು ಕಾಂಡ್ಲಾ ಎನ್ನುವ ಉಪ್ಪುನೀರಿನ ಕಾಡು. ಕೆಸರಿನಲ್ಲಿ ಗಾಳಿ ದೊರೆಯದ ಕಾರಣ ಕೆಲವು ಮರಗಳ ಬೇರುಗಳು ಈಟಿಗಳಂತೆ ಮೇಲಕ್ಕೆದ್ದು ಉಸಿರಾಡುತ್ತಿದ್ದವು. ಅವುಗಳ ನಡುವೆ ಪುಟ್ಟ ಮೀನುಗಳು ನೀರನ್ನೇ ಬಿಟ್ಟು ಕೆಸರಿನ ಮೇಲೆ ಕುಪ್ಪಳಿಸುತ್ತಿದ್ದವು. ಮಿಂಚುಳ್ಳಿಯೊಂದು ಬಾಣದಂತೆ ನೀರಿಗೆರಗಿ ಕೊಂಬೆಗೆ ಮರಳಿತು. ಹಿಂಜರಿಯುತ್ತ ನೀರಿನಂಚಿಗೆ ಬಂದ ಚುಕ್ಕೆಜಿಂಕೆಗಳು ಕಿವಿ ನಿಮಿರಿಸಿ ನಿಂತವು.

ಅಂಬಿಗ ಯಂತ್ರ ನಿಲ್ಲಿಸಿ ಕೈತೋರಿದ. ದಂಡೆಯ ಮೇಲೆ ಒಂದು ಮರದ ದಿಮ್ಮಿ. ನೋಡನೋಡುತ್ತ ದಿಮ್ಮಿಗೆ ಕಣ್ಣು ಮೂಡಿತು, ಬಾಯಿಯೂ ತೆರೆಯಿತು. ಅದು ಕೋಪದಿಂದಲ್ಲ, ಬಿಸಿಲಿನಲ್ಲಿ ತಲೆಯನ್ನು ತಂಪಾಗಿಸಿಕೊಳ್ಳಲು ಮೊಸಳೆ ಹಾಗೆ ಬಾಯಿ ತೆರೆದಿರುತ್ತದೆಂದು ಮಕ್ಕಳಿಗೆ ಅವರೇ ಪಾಠ ಹೇಳಿದ್ದುಂಟು. ಆದರೂ ಕೈ ತಾನಾಗಿ ದೋಣಿಯ ಹಲಗೆಯನ್ನು ಬಿಗಿಯಾಗಿ ಹಿಡಿಯಿತು. ಕಾವೇರಿಯ ಮೊಸಳೆಯ ಜಾತಿ ಬೇರೆ. ಉಪ್ಪುನೀರಿನ ಈ ಜಾತಿಯಲ್ಲಿ ಗಂಡು 20 ಅಡಿಯನ್ನೂ ಮೀರಿ ಬೆಳೆಯಬಲ್ಲುದು.

ಚರ್ಮದಾಸೆಗೆ ಮನುಷ್ಯ ಬೇಟೆಯಾಡಿದ ಕಾರಣ 1970ರ ದಶಕದಲ್ಲಿ ಇಲ್ಲಿ ಉಳಿದಿದ್ದವು ನೂರರ ಆಸುಪಾಸು. 1975ರಲ್ಲಿ ಇದು ಅಭಯಾರಣ್ಯವಾಯಿತು. ಅದೇ ವರ್ಷ ಮೊಸಳೆಯ ಮೊಟ್ಟೆಗಳನ್ನು ತಂದು ಮರಿಮಾಡಿಸಿ, ಬೆಳೆಸಿ, ಮತ್ತೆ ನದಿಗೆ ಬಿಡುವ ಯೋಜನೆ ಆರಂಭವಾಯಿತು. 2024ರ ಎಣಿಕೆಯಲ್ಲಿ ಅವು 1,800ನ್ನು ದಾಟಿದವು.

“ಸಂತೋಷದ ಸಂಗತಿಯಲ್ಲವೇ, ಭಾಯಿ?” ಎಂದರು ಉಪಾಧ್ಯಾಯಿನಿ.

ಅಂಬಿಗ ಕೂಡಲೇ ಉತ್ತರಿಸಲಿಲ್ಲ. “ಹೋದ ಮಳೆಗಾಲ ನಮ್ಮ ಹಸುವನ್ನು ಎಳೆದುಕೊಂಡು ಹೋಯಿತು, ಮಾವುಸಿ. ಕರು ಇನ್ನೂ ಹಾಲು ಬಿಟ್ಟಿರಲಿಲ್ಲ.”

ಅವರಿಗೆ ನಾಚಿಕೆಯಾಯಿತು. ಪುಸ್ತಕದ ಅಂಕಿಗೂ ಬಡವನ ಕೊಟ್ಟಿಗೆಗೂ ಇರುವ ದೂರವನ್ನು ಅವರು ಯೋಚಿಸಿರಲಿಲ್ಲ. “ಹಾಗಾದರೆ ಇವು ಇಲ್ಲದಿದ್ದರೇ ಚೆನ್ನಾಗಿತ್ತೇ?” ಎಂದು ಮೆಲ್ಲನೆ ಕೇಳಿದರು.

ಅವನು ಕಾಡಿನತ್ತ ನೋಡಿದ. 1999ರ ಅಕ್ಟೋಬರ್ ತಿಂಗಳ ಮಹಾ ಚಂಡಮಾರುತದಲ್ಲಿ ಒಡಿಶಾದ ಕರಾವಳಿಯಲ್ಲಿ ಸಾವಿರಾರು ಜನ ಸತ್ತರು. ಆಗ ಅವನು ಹುಡುಗ. ತಮ್ಮ ಊರಿಗೂ ಕಡಲಿಗೂ ನಡುವೆ ಈ ಕಾಡು ನಿಂತಿದ್ದರಿಂದ ಅಲೆಯ ಏಟು ಕುಗ್ಗಿತೆಂದು ಅವನು ಹೇಳಿದ. ಅದು ಬರಿಯ ನಂಬಿಕೆಯಲ್ಲ: ಈ ಜಿಲ್ಲೆಯಲ್ಲಿ ಕಾಂಡ್ಲಾ ಕಾಡು ದಟ್ಟವಾಗಿ ಉಳಿದಿದ್ದೆಡೆ, ಅದರ ಮರೆಯ ಹಳ್ಳಿಗಳಲ್ಲಿ ಸಾವು ಕಡಿಮೆಯಾಯಿತೆಂದು ಮುಂದೆ ನಡೆದ ಅಧ್ಯಯನವೂ ತೋರಿಸಿದೆ.

“ಕೊಡಲಿ ಹಿಡಿದವನು ಯಾರಿಗೆ ಹೆದರುತ್ತಾನೆ, ಮಾವುಸಿ? ಇದಕ್ಕೆ ಹೆದರುತ್ತಾನೆ. ಕಾಡನ್ನು ಇದು ಕಾಯುತ್ತದೆ, ನಮ್ಮನ್ನು ಕಾಡು ಕಾಯುತ್ತದೆ. ಹಸು ಮಾತ್ರ ನನ್ನದೇ ಹೋಯಿತು.”

ಆ ಮಾತಿಗೆ ನಗಬೇಕೋ ಅಳಬೇಕೋ ತಿಳಿಯದೆ ಅವರು ಸುಮ್ಮನೆ ಕುಳಿತರು. ಭಯವೆಂಬುದು ಮನಸ್ಸಿನಿಂದ ತೊಲಗಿಸಬೇಕಾದ ಕಸವೆಂದು ಮೂವತ್ತು ವರ್ಷ ಬೋಧಿಸಿದ್ದರು. ಇಲ್ಲಿ ಒಂದು ಊರೇ ಭಯವನ್ನು ದೀಪದಂತೆ ಆರದೆ ನೋಡಿಕೊಂಡು ಬಾಳುತ್ತಿತ್ತು. ಅವರ ಕೈ ಇನ್ನೂ ಹಲಗೆಯನ್ನು ಹಿಡಿದೇ ಇತ್ತು. ಈಗ ಅದಕ್ಕಾಗಿ ಅವರು ನಾಚಲಿಲ್ಲ.

ಮಧ್ಯಾಹ್ನ ಉಬ್ಬರ ಏರಿತು. ಕೆಸರಿನ ದಂಡೆ ಮುಳುಗಿ, ಮೊಸಳೆಗಳು ಒಂದೊಂದಾಗಿ ಸದ್ದಿಲ್ಲದೆ ನೀರಿಗಿಳಿದವು. ಇನ್ನು ಅವು ಎಲ್ಲಿವೆಯೆಂದು ಹೇಳಬಲ್ಲವರಿಲ್ಲ. ಹಿಂದಿರುಗುವ ದಾರಿಯಲ್ಲಿ ಅಂಬಿಗನ ಊರಿನ ಘಟ್ಟ ಸಿಕ್ಕಿತು. ನೀರಿನಲ್ಲಿ ಬೇಲಿ ನೆಟ್ಟು ಒಂದು ಸಣ್ಣ ಅಂಗಳದಷ್ಟು ಜಾಗ ಮಾಡಿದ್ದರು. ಅದರೊಳಗೆ ಮಕ್ಕಳು ಕೇಕೆ ಹಾಕುತ್ತ ಮೀಯುತ್ತಿದ್ದರು. ಅಂಬಿಗ ಎದ್ದು ನಿಂತು ಕೈಬೀಸಿದ.

ಉಪಾಧ್ಯಾಯಿನಿ ತಮಗರಿವಿಲ್ಲದೆಯೇ ಬೆರಳು ಮಡಿಸಿದರು. ಏಳು ಮಕ್ಕಳು. ದೋಣಿ ತಿರುವಿಗೆ ಬಂದಾಗ ಕತ್ತು ಹೊರಳಿಸಿ ಇನ್ನೊಮ್ಮೆ ಎಣಿಸಿದರು. ಏಳೂ ಇದ್ದರು.