ಜೋಕಾಲಿಗೆ ಮೊದಲು ಕೂರುವವರು ಯಾರು?

ನಮ್ಮೂರಲ್ಲಿ ನಾಗರ ಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟಿದರೆ ಮಕ್ಕಳು ತಕ್ಷಣ ಹತ್ತುವಂತಿರಲಿಲ್ಲ. ಮೊದಲು ಯಾರಾದರೂ ಹಿರಿಯರು ಹಗ್ಗ ಜಗ್ಗಿ, ತಾವೇ ಕೂತು ನಾಲ್ಕು ಸಲ ಜೀಕಬೇಕು. ಆಮೇಲೇ ನಮ್ಮ ಸರದಿ. ಅದೊಂದು ತಪಾಸಣೆ ಅಂತ ನಮಗೆ ಆಗ ಗೊತ್ತಿರಲಿಲ್ಲ.

ಅದು ನೆನಪಾಗಿದ್ದು ಕಳೆದ ಬೇಸಿಗೆ ರಜೆಯಲ್ಲಿ. ನಾವು ಮೂವರು ಗೆಳೆಯರು, ನಮ್ಮಲ್ಲೊಬ್ಬನ ಅಕ್ಕನ ಮಗಳನ್ನು ಕರೆದುಕೊಂಡು ಜಿಲ್ಲಾ ಕೇಂದ್ರದ ಒಂದು ಒಳಾಂಗಣ ಆಟದ ಮನೆಗೆ ಹೋಗಿದ್ದೆವು. ಬಣ್ಣದ ಚೆಂಡುಗಳ ಕೊಳ, ಕೊಳವೆ ಜಾರುಬಂಡಿ, ಸ್ಪಂಜು ಸುತ್ತಿದ ಕಂಬಿಗಳ ಮೂರಂತಸ್ತಿನ ಗೂಡು. ಐದು ವರ್ಷದ ಹುಡುಗಿ ಎರಡನೇ ಅಂತಸ್ತಿನಲ್ಲಿ ಕಂಬಿಗಳ ನಡುವಿನ ಸಂದಿಯೊಳಗೆ ಕಾಲು ಬಿಟ್ಟಳು. ಸೊಂಟ ಇಳಿಯಿತು, ಎದೆಯೂ ಇಳಿಯಿತು, ಆಮೇಲೆ ಕಿರುಚಿದಳು. ಕಂಕುಳಿಗೆ ಕೈ ಹಾಕಿ ಮೇಲೆಳೆದೆವು. ಅಲ್ಲಿದ್ದ ಹುಡುಗ 'ಏನೂ ಆಗಲ್ಲ ಸರ್' ಅಂದ.

ಇದನ್ನು ಪರೀಕ್ಷೆ ಮಾಡಿದವರು ಯಾರು ಎಂದು ಕೇಳಿದೆವು. ಗೋಡೆಯ ಮೇಲಿನ ಚೌಕಟ್ಟು ತೋರಿಸಿದರು. ಅದು ವ್ಯಾಪಾರ ಪರವಾನಗಿ. ಇನ್ನೊಂದು ಕಾಗದವಿತ್ತು, ಅದು ಸ್ಪಂಜಿನ ಗುಣಮಟ್ಟದ್ದು. ಬಿಡಿಭಾಗಕ್ಕೆ ಸರ್ಟಿಫಿಕೇಟ್ ಇದೆ, ಜೋಡಿಸಿ ನಿಲ್ಲಿಸಿದ ಗೂಡಿಗಿಲ್ಲ.

ಅಂದು ರಾತ್ರಿ ಓದುತ್ತಾ ಕೂತೆವು. ಯುರೋಪಿನ ಆಟದ ಸಲಕರಣೆಗಳ ಮಾನದಂಡ ಇಎನ್ 1176. ಅದರ 10ನೇ ಭಾಗ ಇಂಥ ಮುಚ್ಚಿದ ಆಟದ ಗೂಡುಗಳಿಗೇ ಮೀಸಲು. ಬ್ರಿಟನ್ನಿನಲ್ಲಿ ಆರ್‌ಪಿಐಐ ಎಂಬ ಸಂಸ್ಥೆ ಇಂಥ ತಪಾಸಕರಿಗೇ ಪರೀಕ್ಷೆ ನಡೆಸುತ್ತದೆ. ಪಾಸಾದವರ ಹೆಸರು ಅದರ ಪಟ್ಟಿ ಸೇರುತ್ತದೆ. ಯಾರನ್ನು ಕೇಳಬೇಕು ಅನ್ನುವುದು ಅಲ್ಲಿನ ತಂದೆತಾಯಿಗೆ ಗೊತ್ತಾಗುತ್ತದೆ.

ಆ ತಪಾಸಕರ ಚೀಲದಲ್ಲಿ ಎರಡು ಅಚ್ಚುಗಳಿರುತ್ತವೆ. ಒಂದು ಮಗುವಿನ ಮೈಯ ಅಳತೆಯದು, 89 ಮಿಲಿಮೀಟರಿಗೆ 157. ಇನ್ನೊಂದು ತಲೆಯದು, 230 ಮಿಲಿಮೀಟರ್ ವ್ಯಾಸದ ದುಂಡು ಬಿಲ್ಲೆ. ಎತ್ತರದಲ್ಲಿರುವ ಸಂದಿಯಲ್ಲಿ ಮೊದಲನೆಯದು ತೂರಿದರೆ ಎರಡನೆಯದೂ ತೂರಲೇಬೇಕು. ಮೈ ಹೋಗಿ ತಲೆ ಸಿಕ್ಕಿಕೊಂಡರೆ ಮಗು ಕುತ್ತಿಗೆಯಲ್ಲಿ ನೇತಾಡುತ್ತದೆ, ಅದಕ್ಕೆ. ಬೆರಳು ಸಿಕ್ಕಿಕೊಳ್ಳುವ ತೂತುಗಳಿಗೆ, ಜಾರುಬಂಡಿಯ ಬಾಯಲ್ಲಿ ಬಟ್ಟೆಯ ದಾರ ಸಿಕ್ಕುತ್ತದೆಯೇ ಎಂದು ನೋಡುವುದಕ್ಕೆ ಬೇರೆ ಸಾಧನಗಳಿವೆ.

ಮರುದಿನ ಟೇಪು ಹಿಡಿದು ಹೋದೆವು. ಆ ಸಂದಿ ಹನ್ನೊಂದು ಸೆಂಟಿಮೀಟರಿಗೆ ಇಪ್ಪತ್ತು. ಮೈ ಹೋಗುತ್ತದೆ, ತಲೆ ಹೋಗುವುದಿಲ್ಲ.

ಸುದ್ದಿ ಮಾಡೋಣ ಅಂದುಕೊಂಡೆವು. 2024ರ ಮೇ 25ರಂದು ರಾಜಕೋಟ್‌ನ ಗೇಮ್ ಜೋನ್ ಮಕ್ಕಳ ಸಮೇತ ಸುಟ್ಟುಹೋದಾಗ, ಅದಕ್ಕೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿಯೇ ಇರಲಿಲ್ಲ ಎಂಬುದು ಹೊರಬಂತು. ಆಗ ದೇಶವೆಲ್ಲ ಬೆಂಕಿಯ ಬಗ್ಗೆ ಕೇಳಿತು. ಕಂಬಿಗಳ ಸಂದಿಯ ಬಗ್ಗೆ ಯಾರನ್ನು ಕೇಳುವುದು? ನಾವು ಫೋನ್ ಮಾಡಿದ ಒಂದು ಕಚೇರಿಯವರು 'ನಾವು ಹೊರಹೋಗುವ ದಾರಿ ನೋಡ್ತೀವಿ' ಅಂದರು. ಇನ್ನೊಂದು ಕಡೆ 'ಲೈಸೆನ್ಸ್ ಕಟ್ಟಿದ್ದಾರಲ್ಲ' ಅಂದರು. ಮಾತಾಡಬಲ್ಲ ತಪಾಸಕ ಸಿಗಲಿಲ್ಲ. ತಜ್ಞರ ಹೇಳಿಕೆ ಇಲ್ಲ ಎಂದು ಡೆಸ್ಕಿನವರು ವರದಿ ಪಕ್ಕಕ್ಕಿಟ್ಟರು.

ಮಾಲೀಕರು ಕೆಟ್ಟವರಲ್ಲ. ಅಳತೆ ತೋರಿಸಿದ ಮೇಲೆ ಸುಮ್ಮನಾದರು. ಒಂದು ವಾರದಲ್ಲಿ ಆ ಸಂದಿಗೆ ಬಲೆ ಬಿಗಿಸಿದರು. 'ಉಳಿದದ್ದು ಸರಿ ಇದೆಯಾ, ನೀವೇ ಹೇಳಿ' ಎಂದು ನಮ್ಮನ್ನೇ ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ. ಒಂದು ಟೇಪಿನಿಂದ ಯಾರೂ ತಪಾಸಕರಾಗುವುದಿಲ್ಲ.

ಈಗ ಇಂಥ ಗೂಡುಗಳು ತಾಲ್ಲೂಕು ಕೇಂದ್ರಕ್ಕೂ ಬಂದಿವೆ. ಟಿಕೆಟ್ ಕೌಂಟರಿನಲ್ಲಿ ನಾವು ಈಗ ಮೊದಲು ಕೇಳುವುದು ದರವನ್ನಲ್ಲ, ಜೋಡಿಸಿದ ಮೇಲೆ ಇದನ್ನು ನೋಡಿದವರ ಹೆಸರೇನು ಎಂದು. ಇದುವರೆಗೆ ಒಂದು ಹೆಸರೂ ಸಿಕ್ಕಿಲ್ಲ. ನೀವೂ ಕೇಳಿ.