ಮನೆ ಎಲ್ಲೈತೆ ಮಗಾ

ಕರುಣೆ ಅನ್ನೋ ಮಾತು ಕೇಳಿದರೆ ನನಗೆ ಮೊದಲಿಂದಲೂ ಮೈ ಉರಿಯುತ್ತದೆ. ಕರುಣೆ ಯಾವಾಗಲೂ ಮೇಲಿಂದ ಬೀಳುತ್ತದೆ, ಬೊಗಸೆ ಒಡ್ಡಿ ಕೂತವನಿಗೆ ಎತ್ತರದಿಂದ ನೀರು ಹೊಯ್ದ ಹಾಗೆ. ನಮ್ಮಪ್ಪ ಹಾಗೆ ನೀರು ಕುಡಿದು ಬೆಳೆದವನು. ಹಾಗಾಗಿ ಒಬ್ಬ ಡಾಕ್ಟರನ್ನು ಕರುಣಾಳು ಅಂತ ಬರೆಯೋಕೆ ನನ್ನ ಪೆನ್ನು ಸುಲಭಕ್ಕೆ ಏಳುವುದಿಲ್ಲ.

ಅಪ್ಪ ಇಟ್ಟಿಗೆ ಗೂಡಿನ ಕೂಲಿ. ಬೆನ್ನು ನೋವು ಅಂದ. ಎಂಟು ತಿಂಗಳು ಹೋಬಳಿಯ ಡಾಕ್ಟರು ಸೂಜಿ ಚುಚ್ಚಿ ಕಳಿಸಿದರು. "ಇಟ್ಟಿಗೆ ಹೊರೋನ ಬೆನ್ನು ನೋಯದೆ ಇನ್ನೇನಾಗ್ತದೆ" ಅಂದರು. ಬಿ.ಎ. ಓದಿದ ನಾನೂ ಅದನ್ನು ಒಪ್ಪಿಕೊಂಡೆ. ಕೂಲಿಯವನ ನೋವು ಯಾರ ಕಣ್ಣಿಗೂ ಕಾಯಿಲೆಯಾಗಿ ಕಾಣುವುದಿಲ್ಲ, ಅದು ಅವನ ಕಸುಬಿನ ಭಾಗ! ಒಂದು ದಿನ ಎದ್ದು ಕೂರಲಾಗದೆ ಕಿರುಚಿಕೊಂಡ. ಬೆಂಗಳೂರಿಗೆ ತಂದಾಗ ಬೆನ್ನುಮೂಳೆಯ ಒಂದು ಗೆಣ್ಣು ಕುಸಿದಿತ್ತು. ಮಲ್ಟಿಪಲ್ ಮೈಲೋಮ ಅಂದರು. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್. ಮೂಳೆಯನ್ನು ಗೆದ್ದಲಿನ ಹಾಗೆ ತಿನ್ನುತ್ತದೆ, ರಕ್ತ ಬತ್ತಿಸುತ್ತದೆ, ಕಿಡ್ನಿ ಕೆಡಿಸುತ್ತದೆ.

ಕೆಲವು ತಿಂಗಳ ಔಷಧಿಯಾದ ಮೇಲೆ ಅಲ್ಲಿಯ ಡಾಕ್ಟರಮ್ಮ ನಮ್ಮ ಮೂವರನ್ನೂ ಕುರ್ಚಿ ಮೇಲೆ ಕೂರಿಸಿ, ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಹೇಳಿದರು. ನಾಲ್ಕೈದು ದಿನ ಸೂಜಿ ಕೊಟ್ಟರೆ ಮಜ್ಜೆಯ ಕಾಂಡಕೋಶಗಳು ರಕ್ತಕ್ಕೆ ಇಳೀತವೆ. ರಕ್ತವನ್ನು ಮಿಷನ್ನಿಗೆ ಹಾಯಿಸಿ ಅವನ್ನು ಬೇರ್ಪಡಿಸಿ ಇಡೋದು. ಆಮೇಲೆ ಮೆಲ್ಫಲಾನ್ ಅನ್ನೋ ಔಷಧಿ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಮಜ್ಜೆಯನ್ನೇ ಬರಿದು ಮಾಡೋದು. ತೆಗೆದಿಟ್ಟ ಕೋಶಗಳನ್ನು ರಕ್ತ ಏರಿಸಿದ ಹಾಗೆ ವಾಪಸು ಏರಿಸೋದು, ಅವು ತಾವೇ ದಾರಿ ಹಿಡಿದು ಮೂಳೆ ಸೇರ್ತವೆ. "ಬೇರಿನಿಂದ ಹೋಗೋ ಕಾಯಿಲೆ ಅಲ್ಲ ಯಜಮಾನ್ರೇ, ಆದ್ರೆ ವರ್ಷಗಳು ಸಿಗ್ತವೆ" ಅಂದರು. ಸುಳ್ಳು ಹೇಳಲಿಲ್ಲ.

"ಬಿತ್ನೆ ಬೀಜ ಎತ್ತಿಟ್ಟು ಹೊಲ ಸುಟ್ಟಂಗೆ" ಅಂದ ಅಪ್ಪ. ನಮಗೆ ಹೊಲ ಇಲ್ಲ, ಅದು ಬೇರೆ ಮಾತು.

ಆಮೇಲೆ ಆಕೆ ಕೇಳಲು ಶುರು ಮಾಡಿದರು. ಮನೆ ಎಲ್ಲಿ? ನೀರು ಎಲ್ಲಿಂದ ತರ್ತೀರಿ? ಕಕ್ಕಸು ಒಳಗೋ ಹೊರಗೋ? ಅಡಿಗೆ ಯಾರು ಮಾಡ್ತಾರೆ? ನನ್ನ ಮುಖ ಕೆಂಪಾಯಿತು. ಮನೆ ಎಲ್ಲಿ ಅಂತ ಕೇಳೋದು ಕೇರಿ ಯಾವುದು ಅಂತ ಕೇಳೋದೇ ಅಂತ ನಮಗೆ ಹುಟ್ಟಿದಾಗಿಂದ ಗೊತ್ತು. ಒರಟಾಗಿ, "ಯಾಕೆ ಮೇಡಂ?" ಅಂದೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ವಾರ್ಡಿಗೆ ಸೇರಿಸದೆ ಹೊರರೋಗಿಯಾಗಿಯೇ ಇದನ್ನು ಮಾಡಬಹುದು, ಖರ್ಚು ಬಹಳ ಇಳೀತದೆ ಅಂದರು. "ಇದು ನನ್ನ ಬುದ್ಧಿ ಅಲ್ಲಪ್ಪ, ಮೆಕ್ಸಿಕೋದವರದು."

ಆ ಮೆಕ್ಸಿಕೋದ ಕತೆಯನ್ನು ಆಮೇಲೆ ನಾನೇ ಹುಡುಕಿ ಓದಿದೆ. ಮಜ್ಜೆಯ ಕಸಿಯನ್ನು ಅಮೆರಿಕದ ಡೊನಾಲ್ ಥಾಮಸ್ 1957ರಲ್ಲಿ ಶುರು ಮಾಡಿದರು, 1990ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ 1983ರಲ್ಲಿ ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ ಸುರೇಶ್ ಅಡ್ವಾಣಿ ಮೊದಲು ಮಾಡಿದರು. ಪೋಲಿಯೋ ಬಡಿದು ಗಾಲಿಕುರ್ಚಿಯಲ್ಲಿ ಓಡಾಡುವ ಡಾಕ್ಟರು. ಆದರೂ ಈ ಚಿಕಿತ್ಸೆ ಸೋಸಿದ ಗಾಳಿಯ ಕೋಣೆ, ವಾರಗಟ್ಟಲೆ ವಾರ್ಡು, ಲಕ್ಷಗಟ್ಟಲೆ ದುಡ್ಡು ಇದ್ದವರದಾಗಿಯೇ ಉಳಿಯಿತು. ಪ್ವೇಬ್ಲಾ ಅನ್ನೋ ಊರಿನ ಗಿಯೆರ್ಮೊ ರುಯಿಸ್ ಆರ್ಗ್ವೆಯೆಸ್ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಕಲಿತು ತನ್ನ ಊರಿಗೆ ಮರಳಿದವರು. ಮಾಂಟೆರೇ ಊರಿನ ಡೇವಿಡ್ ಗೋಮೆಸ್ ಆಲ್ಮಾಗೇರ್ ಅವರ ಜೊತೆಗಾರ. ಇವರು 1990ರ ದಶಕದಲ್ಲಿ ಒಂದೊಂದೇ ಖರ್ಚನ್ನು ಎತ್ತಿ ಹಿಡಿದು, ಇದು ನಿಜವಾಗಲೂ ಬೇಕಾ ಅಂತ ಕೇಳುತ್ತಾ ಹೋದರು. ಕೋಶಗಳನ್ನು ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಬೇಕಾ? ಮೆಲ್ಫಲಾನ್ ಒಂದು ದಿನದೊಳಗೆ ಮೈಯಿಂದ ಇಳಿದುಹೋಗುತ್ತದೆ, ಅಷ್ಟು ಹೊತ್ತು 4 ಡಿಗ್ರಿಯ ಫ್ರಿಜ್ಜು ಸಾಕು. ಎಲ್ಲರೂ ವಾರ್ಡಿನಲ್ಲೇ ಮಲಗಬೇಕಾ? ಮನೆಯಲ್ಲಿದ್ದು ದಿನಾ ಬಂದು ತೋರಿಸಿಕೊಂಡು ಹೋಗಲಿ, ಸೋಂಕು ತಡೆಯಲು ಗುಳಿಗೆ ನುಂಗಲಿ, ಜ್ವರ ಬಂದವರು ಮಾತ್ರ ಒಳಗೆ ಸೇರಲಿ. 2004ರಲ್ಲಿ ಅವರಿಬ್ಬರೂ ಬರೆದ ಲೇಖನದ ತಲೆಬರಹದಲ್ಲೇ ರೋಗಿಗಳ ಸಲುವಾಗಿ ಕಟ್ಟಳೆ ಮುರಿಯುವ ಮಾತಿದೆ. ಗೆಳೆಯರೇ, ಅದನ್ನು ಓದಿ ನಾನು ಎದ್ದು ಕೂತೆ. ಇದು ಮೇಲಿಂದ ಹೊಯ್ಯುವ ಕರುಣೆ ಅಲ್ಲ. ಬಡವನ ಪಕ್ಕ ಕೂತು ಅವನ ಲೆಕ್ಕದ ಪುಸ್ತಕ ಬಿಡಿಸಿ ನೋಡಿದ ಕರುಣೆ.

ಆದರೆ ಅವ್ವ ಒಂದೇ ಮಾತು ಕೇಳಿದಳು: "ಮನೇಲೇ ಇಟ್ಕಂಡು ನೋಡ್ಕಬೋದು ಅಂತಾರಲ್ಲ, ಮನೆ ಎಲ್ಲೈತೆ ಮಗಾ?"

ಅರ್ಧ ಗಂಟೆಯೊಳಗೆ ಆಸ್ಪತ್ರೆ ಮುಟ್ಟುವಂಥ ರೂಮು ಬೇಕಿತ್ತು. ಒಳಗೇ ಕಕ್ಕಸು, ನಲ್ಲಿ. ಚಿಕಿತ್ಸೆಗೆ ಬಿಪಿಎಲ್ ಕಾರ್ಡು ಅಷ್ಟಿಷ್ಟು ಆಸರೆಯಾಯಿತು, ಬಾಡಿಗೆಗೆ ಯಾವ ಕಾರ್ಡೂ ಇಲ್ಲ. ಸಾಲ ತಂದೆ. ಮೊದಲನೇ ಮನೆಯವರು ಕ್ಯಾನ್ಸರ್ ಅಂದಾಗ ಅಯ್ಯೋ ಪಾಪ ಅಂದರು, ಕಾಫಿ ಕೊಟ್ಟರು, ಆಮೇಲೆ "ನೀವು ಯಾವ ಜನ?" ಅಂದರು. ಹೇಳಿದೆ. "ತಪ್ಪು ತಿಳೀಬೇಡಿ, ಮನೇಲಿ ವಯಸ್ಸಾದವ್ರಿದಾರೆ." ಎರಡನೇ ಮನೆಯಲ್ಲಿ ಹೆಸರು ಕೇಳಿಯೇ ಬಾಗಿಲು ಅರ್ಧ ಮುಚ್ಚಿತು. ಮೂರನೇ ಮನೆಯಲ್ಲಿ ನಾನು ಸುಳ್ಳು ಹೇಳಿದೆ.

ಹೌದು, ವೇದಿಕೆ ಮೇಲೆ ನಿಂತು ಹೊಲೆಯ ಅಂತ ಎದೆ ತಟ್ಟಿಕೊಂಡು ಪದ್ಯ ಓದುವ ನಾನೇ. ಅವ್ವನ ಟ್ರಂಕಿನಲ್ಲಿದ್ದ ಬಾಬಾಸಾಹೇಬರ ಫೋಟೋ ಸೀರೆಯಡಿಯಲ್ಲೇ ಉಳಿಯಿತು.

ಕೋಶ ಏರಿಸಿದ ಮೇಲೆ ಆರನೇ ದಿನದಿಂದ ಅಪ್ಪನ ಬಾಯೆಲ್ಲಾ ಹುಣ್ಣು. ಗಂಜಿಯೂ ಇಳಿಯದು. ದಿನಾ ಬೆಳಿಗ್ಗೆ ಆಟೋದಲ್ಲಿ ಆಸ್ಪತ್ರೆ, ರಕ್ತಪರೀಕ್ಷೆ, ವಾಪಸು. ಜ್ವರ 100.4 ದಾಟಿದರೆ ರಾತ್ರಿ ಎರಡಾದರೂ ಬನ್ನಿ ಅಂತ ಡಾಕ್ಟರಮ್ಮ ತಮ್ಮ ನಂಬರು ಕೊಟ್ಟಿದ್ದರು. ಥರ್ಮಾಮೀಟರು ಹಿಡಿದು ನಾನು ಎಚ್ಚರವಿರುತ್ತಿದ್ದೆ. ಅಪ್ಪನೂ ನಿದ್ದೆ ಮಾಡುತ್ತಿರಲಿಲ್ಲ. ಜ್ವರದ ಭಯಕ್ಕಲ್ಲ. "ನಿದ್ಗಣ್ಣಲ್ಲಿ ಏನಾದ್ರೂ ಬಾಯ್ಬುಟ್ರೆ?" ಅನ್ನುತ್ತಿದ್ದ.

ಹತ್ತನೇ ದಿನ ಡಾಕ್ಟರಮ್ಮ ಅವನ ಕೆಂಪು ಕಣ್ಣು ನೋಡಿ ಕೇಳಿದರು. ನಾನು ಎಲ್ಲಾ ಹೇಳಿಬಿಟ್ಟೆ. ಅವರು ಬರೆಯುವುದನ್ನು ನಿಲ್ಲಿಸಿದರು. "ನೀರು ಕೇಳ್ದೆ, ಕಕ್ಕಸು ಕೇಳ್ದೆ, ಇದನ್ನ ಕೇಳ್ಲೇ ಇಲ್ವಲ್ಲ" ಅಂದರು, ನನಗಲ್ಲ, ತಮಗೇ. ಮುಂದಿನ ವಾರ ನಾವು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ, ರಾಯಚೂರು ಕಡೆಯ ಒಬ್ಬ ಹೆಂಗಸಿಗೆ ಒಳಗೆ ಹೇಳುತ್ತಿದ್ದದ್ದು ಕೇಳಿಸಿತು: "ರೂಮು ಸಿಗೋದ್ರಲ್ಲಿ ತೊಂದರೆ ಆದ್ರೆ, ಏನೇ ತೊಂದರೆ, ಮೊದಲು ನಂಗೆ ಹೇಳಮ್ಮ."

ಹನ್ನೆರಡನೇ ದಿನ ಬಿಳಿ ಕಣಗಳು 500 ದಾಟಿದ್ದವು. ಇಪ್ಪತ್ತೆರಡನೇ ದಿನ ರೂಮು ಖಾಲಿ ಮಾಡಿದೆವು. ಮನೆಯವರು ಅಡ್ವಾನ್ಸು ಪೂರಾ ಎಣಿಸಿ ಕೊಟ್ಟು, ಅಪ್ಪನ ಕೈ ಹಿಡಿದು, "ನಿಮ್ಮಂಥ ಜನ ಸಿಗಲ್ಲ, ಚೆಕಪ್ಪಿಗೆ ಬಂದಾಗ ಇಲ್ಲಿಗೇ ಬನ್ನಿ ಯಜಮಾನ್ರೇ" ಅಂದರು. ಅಪ್ಪ ಕೈ ಬಿಡಿಸಿಕೊಳ್ಳದೆ ನನ್ನ ಮುಖ ನೋಡಿದ. ನಾನು ಟ್ರಂಕು ಎತ್ತಿಕೊಂಡು ಮೆಟ್ಟಿಲು ಇಳಿದೆ.