ಕಣ್ಣಿನ ಅಚ್ಚು

ಮುಖವು ತನ್ನ ಸ್ವಂತದ್ದೆಂದು ಪ್ರತಿಯೊಬ್ಬನೂ ಭಾವಿಸುತ್ತಾನೆ. ನಿಜವಾಗಿ ಅದು ನೋಡುವವರ ಪಾಲಿನದು. ಆದುದರಿಂದಲೇ ಒಂದು ಕಣ್ಣು ಕಳೆದುಕೊಂಡವನಿಗೆ, ಎದುರಿಗೆ ಬಂದವರು ನೋಟ ತಪ್ಪಿಸಿ ಹೋಗುವುದೇ ಎಲ್ಲಕ್ಕಿಂತ ದೊಡ್ಡ ನೋವು.

2021ರಲ್ಲಿ ಕೋವಿಡ್ಡಿನ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರದ ರೋಗವು ಕರ್ನಾಟಕದಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತು. ಕೆಲವರ ಪ್ರಾಣವುಳಿಸಲು ಕಣ್ಣುಗುಡ್ಡೆಯೊಡನೆ ರೆಪ್ಪೆಗಳನ್ನೂ ಸುತ್ತಲಿನ ಮಾಂಸವನ್ನೂ ತೆಗೆಯಬೇಕಾಯಿತು. ಅರ್ಬುದ ರೋಗವೂ ಇಂಥದೇ ಗುಳಿಯನ್ನು ಉಳಿಸಿ ಹೋಗುವುದುಂಟು. ಬರಿಯ ಕೃತಕ ಕಣ್ಣನ್ನು ಹಿಡಿದು ನಿಲ್ಲಿಸಲು ಅಲ್ಲಿ ರೆಪ್ಪೆಯೇ ಇಲ್ಲ. ಕಣ್ಣು, ರೆಪ್ಪೆ, ಚರ್ಮ ಮೂರೂ ಕೂಡಿದ ಸಿಲಿಕೋನಿನ ಭಾಗವೊಂದು ಬೇಕು. ಅದನ್ನು ಅಂಟಿನಿಂದ ಕೂಡಿಸಬಹುದು. ಆದರೆ ಬೈಲಹೊಂಗಲದ ಎರೆಹೊಲದಲ್ಲಿ ಹತ್ತಿ ಬಿಡಿಸುವವಳ ಬೆವರಿಗೆ ಆ ಅಂಟು ಎಷ್ಟು ಹೊತ್ತು ತಡೆದೀತು?

ಸ್ವೀಡನ್ನಿನ ವಿಜ್ಞಾನಿ ಬ್ರೋನೆಮಾರ್ಕರು 1952ರಲ್ಲಿ, ಮೊಲದ ಎಲುಬಿನಲ್ಲಿಟ್ಟ ಟೈಟಾನಿಯಂ ಆ ಎಲುಬಿನೊಡನೆ ಒಂದಾಗಿಬಿಟ್ಟುದನ್ನು ಕಂಡರು. 1965ರಲ್ಲಿ ಆ ಗುಣವನ್ನೇ ನಂಬಿ ಮನುಷ್ಯನಿಗೆ ಹಲ್ಲು ಕೂಡಿಸಿದರು. ಮುಂದೆ ಈ ವಿಧಾನ ಮುಖಕ್ಕೂ ಬಂದಿತು. ಕಣ್ಣುಗುಳಿಯ ಅಂಚಿನ ಎಲುಬಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ಉದ್ದದ ತಿರುಪುಗಳನ್ನು ಕೂಡಿಸಿ, ಎಲುಬು ಅವನ್ನು ತನ್ನದಾಗಿಸಿಕೊಳ್ಳಲೆಂದು ತಿಂಗಳುಗಟ್ಟಲೆ ಕಾಯುತ್ತಾರೆ. ವಿಕಿರಣ ಚಿಕಿತ್ಸೆ ಪಡೆದ ಎಲುಬಿನಲ್ಲಿ ಅವು ನಿಲ್ಲುವ ಭರವಸೆ ಕಡಿಮೆ.

ಅನಂತರದ್ದು ಅಚ್ಚು ತೆಗೆಯುವ ಕೆಲಸ. ಇದು ದಂತ ಮಹಾವಿದ್ಯಾಲಯಗಳ ಕೃತಕ ದಂತ ವಿಭಾಗಕ್ಕೆ ಸೇರಿದ ವಿದ್ಯೆ. ಈ ಸೀಮೆಗೆ ಹತ್ತಿರದ ಅಂಥ ವಿದ್ಯಾಲಯಗಳಿರುವುದು ಬೆಳಗಾವಿ, ಧಾರವಾಡಗಳಲ್ಲಿ. ಹುಬ್ಬಿಗೆ ವ್ಯಾಸಲೀನು ಸವರಿ, ಗುಳಿಯ ಆಳದ ಸಂದುಗಳನ್ನು ಒದ್ದೆಯ ಜಾಳಿಬಟ್ಟೆಯಿಂದ ಮುಚ್ಚುತ್ತಾರೆ. ಇಲ್ಲವಾದರೆ ಗಟ್ಟಿಯಾದ ಅಚ್ಚು ಹೊರಬರದೆ ಸಿಕ್ಕಿಕೊಂಡೀತು. ತಿರುಪುಗಳ ಮೇಲೆ ಅಳತೆಯ ಟೊಪ್ಪಿಗೆಗಳನ್ನಿಟ್ಟು, ತೆಳುವಾದ ಸಿಲಿಕೋನನ್ನು ಒತ್ತದೆ ಹರಡುತ್ತಾರೆ. ಅದಕ್ಕೆ ಆಧಾರವಾಗಿ ಪ್ಲಾಸ್ಟರಿನ ಲೇಪ. ಮಲಗಿದವನ ಕೆನ್ನೆ ಕಿವಿಯತ್ತ ಜಾರುತ್ತದೆ, ಭಾರ ಬಿದ್ದರೆ ತಗ್ಗುತ್ತದೆ. ಆದಕಾರಣ ರೋಗಿಯನ್ನು ನೆಟ್ಟಗೆ ಕೂಡಿಸುವುದು ಲೇಸು. ಮನೆಯವರೂ ನೋಡಲಂಜಿದ ಆ ಜಾಗವನ್ನು ಒಬ್ಬರು ಹತ್ತಿರದಿಂದ, ನಿಧಾನವಾಗಿ, ಅಸಹ್ಯವಿಲ್ಲದೆ ಮುಟ್ಟುವ ಗಳಿಗೆಯೂ ಅದೇ.

ಆ ಅಚ್ಚಿನಿಂದಾದ ಪಡಿಯಚ್ಚಿನ ಮೇಲೆ, ಉಳಿದ ಕಣ್ಣಿಗೆ ಸರಿಜೋಡಿಯಾಗುವಂತೆ ಮೇಣದಲ್ಲಿ ಇನ್ನೊಂದನ್ನು ತಿದ್ದುತ್ತಾರೆ. ಕೂದಲೆಳೆಯಷ್ಟು ತಪ್ಪಿದರೂ ಅಂಚು ಎದ್ದು ಕಾಣುತ್ತದೆ. ಸಿದ್ಧವಾದ ಭಾಗವನ್ನು ಅನೇಕ ವೇಳೆ ಅಯಸ್ಕಾಂತವೇ ಹಿಡಿದಿಡುತ್ತದೆ. ರಾತ್ರಿ ಅದನ್ನು ತೆಗೆದಿಟ್ಟು ತೊಳೆಯಬೇಕು. ಬಿಸಿಲಿಗೆ ಬಣ್ಣ ಮಾಸಿದಾಗ ಮತ್ತೆ ಮಾಡಿಸಬೇಕು. ಕಿತ್ತೂರು, ರಾಮದುರ್ಗಗಳಿಂದ ಅದಕ್ಕಾಗಿ ಬಸ್ಸು ಹಿಡಿಯುವ ಬಡವನಿಗೆ ಪ್ರತಿಸಲವೂ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ.

ಬೇಡರ ಕಣ್ಣಪ್ಪ ಶಿವನಿಗೆ ಕಣ್ಣು ಕಿತ್ತುಕೊಟ್ಟ ಕಥೆ ಕೇಳಿ ಬೆಳೆದ ನಾಡಿದು. ಹರಕೆಯೊಪ್ಪಿಸಿ ದೇವರಿಗೆ ಬೆಳ್ಳಿಯ ಕಣ್ಣು ಮಾಡಿಸುವ ನಾಡೂ ಹೌದು. ಸಿಲಿಕೋನಿನ ಈ ಕಣ್ಣು ನೋಡಲಾರದು, ರೆಪ್ಪೆ ಬಡಿಯಲಾರದು. ಆದರೂ ಅದನ್ನು ಧರಿಸಿ, ಮೇಲೊಂದು ಕನ್ನಡಕವಿಟ್ಟು, ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ ಹತ್ತಿದವನು ಜನಸಾಗರದಲ್ಲಿ ಹತ್ತರೊಡನೆ ಹನ್ನೊಂದನೆಯವನಾಗುತ್ತಾನೆ. ಅಷ್ಟು ಸಾಮಾನ್ಯನಾಗುವ ಭಾಗ್ಯ ಸಾಮಾನ್ಯವಾದುದಲ್ಲ.